ಫ್ಯಾರನ್‌ಹೀಟ್ 9/11: ಬಳ್ಳಾರಿಯ ಮಾಳಿಗೆ ಮೇಲೆ, ಇಪ್ಪತ್ತು ವರ್ಷ ತಡವಾಗಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿನಿಮಾ ವಿಮರ್ಶಕ ಅಲ್ಲ. ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡುವವನು. ಎಲೆಕ್ಷನ್ ಬಂದರೆ ಪ್ರಚಾರದ ವಿಡಿಯೊ ಕೂಡ ಮಾಡುತ್ತೇನೆ, ಯಾರು ಅಡ್ವಾನ್ಸ್ ಕೊಡುತ್ತಾರೋ ಅವರದು. ಹಾಗಾಗಿ 2001ರ ಸೆಪ್ಟೆಂಬರ್ 11ರ ದಾಳಿ, ಆಮೇಲಿನ ಇರಾಕ್ ಯುದ್ಧದ ಬಗ್ಗೆ ಅಮೆರಿಕದ ಮೈಕಲ್ ಮೂರ್ ಮಾಡಿದ ಈ ಡಾಕ್ಯುಮೆಂಟರಿ ನೋಡುವಾಗ ಎಲ್ಲರ ಕಣ್ಣು ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಮೇಲಿದ್ದರೆ ನನ್ನ ಕಣ್ಣು ಕಟ್ ಎಲ್ಲಿ ಬಿತ್ತು, ಯಾವ ಶಾಟ್ ಪಕ್ಕ ಯಾವ ಶಾಟ್ ಕೂತಿತು ಅನ್ನುವುದರ ಮೇಲೇ ಇತ್ತು. ಚಟ, ಏನು ಮಾಡೋದು.

2004ರ ಸಿನಿಮಾ ಈಗ ಯಾಕೆ ಅಂದರೆ, ನಮ್ಮ ಓಣಿಯಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ರಿಟೈರ್ ಆದ ಮೇಲೆ ತಿಂಗಳಿಗೊಂದು ಸಿನಿಮಾ ತೋರಿಸುವ ಹುಚ್ಚು ಹಿಡಿದಿದೆ. ಈ ಸಲ ಇದನ್ನ ಆರಿಸಿದರು. ಹಾಲ್ ಕೇಳಲು ಹೋದರೆ ಅಲ್ಲಿನವರು "ರಾಜಕೀಯದ್ದಾ? ಬ್ಯಾಡ್ರಿ ಮೇಷ್ಟ್ರೇ, ನಾಳೆ ಯಾರಾದ್ರೂ ಬಂದು ಕೇಳ್ತಾರೆ" ಅಂದರು. ಅಮೆರಿಕದ ರಾಜಕೀಯ ರೀ, ಬುಷ್‌ದು ಅಂತ ಹೇಳಿದರೂ "ಯಾರ್ದಾದ್ರೇನ್ರೀ, ರಾಜಕೀಯ ರಾಜಕೀಯನೇ" ಅಂದುಬಿಟ್ಟರು. ಕೊನೆಗೆ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಸುವ ಗೆಳೆಯನ ಯೂನಿಟ್ ಮಾಳಿಗೆಯೇ ಗತಿಯಾಯಿತು. ಪರದೆಗೆ ಪ್ಯಾಂಟಿನ ಜೇಬಿಗೆ ಹಾಕುವ ಬಿಳಿ ಬಟ್ಟೆ. ಪನ್ನ ಸಾಲಲಿಲ್ಲ ಅಂತ ಎರಡು ತುಂಡು ಜೋಡಿಸಿ ಮೆಷಿನ್‌ನಲ್ಲಿ ಹೊಲಿದುಕೊಟ್ಟ. ಬುಷ್ ಮುಖ ದೊಡ್ಡದಾಗಿ ಬಂದಾಗಲೆಲ್ಲ ಆ ಹೊಲಿಗೆ ಸರಿಯಾಗಿ ಮೂಗಿನ ಮೇಲೆ ಬೀಳುತ್ತಿತ್ತು. ಒಟ್ಟು ಹದಿನಾಲ್ಕು ಜನ. ಇಬ್ಬರು ಮೂವರು ಡಿಗ್ರಿ ಹುಡುಗರು, ಮಿಲಿಟರಿಯಿಂದ ಬಂದ ಸುಬೇದಾರ್ ಕಾಕಾ, ಒಂದು ಕಾಲದಲ್ಲಿ ಎರಡು ಲಾರಿ ಇಟ್ಟಿದ್ದ ನಮ್ಮ ಮಾವ, ಉಳಿದವರು ಟೈಲರ್‌ಗಳು.

ಎರಡು ಗಂಟೆ ಎರಡು ನಿಮಿಷದ ಸಿನಿಮಾ. ನಮಗೆ ಸಿಕ್ಕಿದ್ದರಲ್ಲಿ ಕನ್ನಡ ಸಬ್‌ಟೈಟಲ್ ಇರಲಿಲ್ಲ. ಮೇಷ್ಟ್ರು ನಡುನಡುವೆ ನಿಲ್ಲಿಸಿ ಅರ್ಥ ಹೇಳುತ್ತಿದ್ದರು, ಹಾಗಾಗಿ ನಮಗೆ ಮೂರು ಗಂಟೆ ಮೇಲೆ ಹಿಡಿಯಿತು.

ಶುರುವಾಗುವುದು 2000ನೇ ಇಸವಿಯ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದ ಓಟು ಎಣಿಕೆಯ ಗಲಾಟೆಯಿಂದ. ಅಲ್ಲಿ ಒಂದು ದೃಶ್ಯ ಇದೆ. ಕರಿಯ ಜನಾಂಗದ ಸಂಸದರು ಒಬ್ಬೊಬ್ಬರಾಗಿ ಎದ್ದು ಫಲಿತಾಂಶಕ್ಕೆ ಆಕ್ಷೇಪಣೆ ಎತ್ತುತ್ತಾರೆ. ಅದಕ್ಕೆ ಒಬ್ಬನೇ ಒಬ್ಬ ಸೆನೆಟರ್ ಸಹಿ ಹಾಕಿದ್ದರೂ ಸಾಕಿತ್ತು, ಯಾರೂ ಹಾಕಿಲ್ಲ. ಪೀಠದಲ್ಲಿ ಕೂತು "ಸಹಿ ಇದೆಯಾ, ಇಲ್ಲ ಅಂದರೆ ಕೂತ್ಕೊಳ್ಳಿ" ಅನ್ನುವ ಅರ್ಥದಲ್ಲಿ ಎಲ್ಲರನ್ನೂ ಕೂರಿಸುತ್ತಿರುವವರು ಯಾರು? ಬುಷ್ ಎದುರು ಸೋತ ಅಲ್ ಗೋರ್ ಅವರೇ! ಉಪಾಧ್ಯಕ್ಷರಾಗಿ ಅದು ಅವರ ಡ್ಯೂಟಿ. ಮೂರ್ ಇದನ್ನ ಹೆಚ್ಚು ಕಡಿಮೆ ಹಾಗೇ ಬಿಟ್ಟಿದ್ದಾರೆ. ನನಗೆ ಮೈ ಜುಮ್ಮೆಂದಿತು. ಆಮೇಲೆ ಟೈಟಲ್ ಬರುವಾಗ ದೊಡ್ಡ ದೊಡ್ಡವರೆಲ್ಲ ಟಿವಿಗೆ ಮುಂಚೆ ಮೇಕಪ್ ಹಾಕಿಸಿಕೊಳ್ಳುತ್ತಿರುತ್ತಾರೆ. ರಕ್ಷಣಾ ಖಾತೆಯ ಉಪ ಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಬಾಚಣಿಗೆಯನ್ನ ಬಾಯಲ್ಲಿಟ್ಟು ಎಂಜಲು ಮಾಡಿ ತಲೆ ಬಾಚಿಕೊಳ್ಳುತ್ತಾರೆ. ಟೈಲರ್‌ಗಳು ಬಿದ್ದು ಬಿದ್ದು ನಕ್ಕರು. ಮದುವೆ ವಿಡಿಯೊದಲ್ಲಿ ಇಂಥ ತುಣುಕು ನೂರು ಸಿಗುತ್ತವೆ ನಮಗೆ. ಗಂಡಿನ ಕಡೆಯ ಹಿರಿಯರು ಮೂಗಿನಲ್ಲಿ ಬೆರಳಿಟ್ಟಿದ್ದು, ಬೀಗರು ಆಕಳಿಸಿದ್ದು. ಎಲ್ಲ ತೆಗೆದು ಹಾಕುತ್ತೇವೆ. ಮೂರ್ ನಾವು ಬಿಸಾಕಿದ್ದನ್ನೇ ಆರಿಸಿಕೊಂಡು ಸಿನಿಮಾ ಮಾಡಿದ್ದಾರೆ.

ಆಮೇಲೆ ಪರದೆ ಕಪ್ಪಾಯಿತು.

"ಹೋಯ್ತು ನೋಡು ಕರೆಂಟು" ಅಂತ ಮಾವ ಅಂದರು. ಗೆಳೆಯ ಯುಪಿಎಸ್ ನೋಡಲು ಎದ್ದೇಬಿಟ್ಟ. ಅಷ್ಟರಲ್ಲಿ ವಿಮಾನದ ಸದ್ದು, ಡಿಕ್ಕಿ, ಕಿರುಚಾಟ. ಎದ್ದವನು ಅಲ್ಲೇ ನಿಂತ. ಆ ಕಟ್ಟಡ, ಹೊಗೆ, ನಾವೆಲ್ಲ ಟಿವಿಯಲ್ಲಿ ಸಾವಿರ ಸಲ ನೋಡಿದ್ದು, ಒಂದೂ ಇಲ್ಲಿಲ್ಲ. ಬರೀ ಕಪ್ಪು, ಬರೀ ಸದ್ದು. ಆಮೇಲೆ ಮೇಲಕ್ಕೆ ನೋಡುತ್ತಿರುವ ಜನರ ಮುಖಗಳು. ಎಡಿಟರ್ ಆಗಿ ಹೇಳುತ್ತೇನೆ, ಕೈಯಲ್ಲಿ ಅಷ್ಟು ದೃಶ್ಯ ಇಟ್ಟುಕೊಂಡು ಒಂದನ್ನೂ ಬಳಸದೇ ಇರೋಕೆ ಗುಂಡಿಗೆ ಬೇಕು.

ಆದರೆ ಈ ಮನುಷ್ಯನಿಗೆ ಸುಮ್ನೆ ಇರೋಕೆ ಬರಲ್ಲ. ಫ್ಲೋರಿಡಾದ ಶಾಲೆಯ ದೃಶ್ಯ ಎಲ್ಲರಿಗೂ ಗೊತ್ತಿರಬಹುದು. ಎರಡನೇ ವಿಮಾನ ಬಡಿದಿದೆ ಅಂತ ಸಿಬ್ಬಂದಿ ಮುಖ್ಯಸ್ಥರು ಬಂದು ಕಿವಿಯಲ್ಲಿ ಹೇಳಿದ ಮೇಲೂ ಬುಷ್ ಹತ್ತಿರ ಹತ್ತಿರ ಏಳು ನಿಮಿಷ ಮಕ್ಕಳ ಪುಸ್ತಕ ಹಿಡಿದು ಕೂತಿರುತ್ತಾರೆ. ಇಂಥ ಶಾಟ್ ಸಿಕ್ಕರೆ ಮುಟ್ಟಬಾರದು. ಮುಖ ತೋರಿಸಿ, ಗಡಿಯಾರ ತೋರಿಸಿ, ಬಿಟ್ಟುಬಿಡಿ. ಮೂರ್ ಏನು ಮಾಡಿದ್ದಾರೆ, ಆ ಮುಖದ ಮೇಲೆ ತಮ್ಮ ಧ್ವನಿ ಹಾಕಿ, ಅವರು ಆಗ ಏನು ಯೋಚಿಸುತ್ತಿದ್ದರು ಅಂತ ಊಹೆ ಶುರು ಮಾಡಿದ್ದಾರೆ. ಅಲ್ಲಿಂದ ಸೌದಿಯವರು, ಬಿನ್ ಲಾಡೆನ್ ಕುಟುಂಬದ ಜೊತೆಗಿನ ವ್ಯವಹಾರ ಅಂತ ಕಥೆ ಹೊರಳುತ್ತದೆ. ಆ ಮುಖದಲ್ಲಿ ನಮಗೆ ಏನು ಕಂಡಿತು ಅಂತ ಯೋಚಿಸೋಕೆ ಪುರುಸೊತ್ತೇ ಕೊಡಲಿಲ್ಲ.

ಜಾಸ್ತಿ ನಗು ಬಂದಿದ್ದು ಗಾಲ್ಫ್ ದೃಶ್ಯಕ್ಕೆ. ಭಯೋತ್ಪಾದಕರನ್ನ ನಿಲ್ಲಿಸಬೇಕು ಅಂತ ಗಂಭೀರವಾಗಿ ಹೇಳಿ, ಅದೇ ಉಸಿರಿನಲ್ಲಿ "ಈಗ ನನ್ನ ಹೊಡೆತ ನೋಡಿ" ಅನ್ನುವ ಹಾಗೆ ಬುಷ್ ಚೆಂಡು ಹೊಡೆಯುತ್ತಾರೆ. ಆದರೆ ಆ ಮಾತು ಅವರು ಆಡಿದ್ದು 2002ರಲ್ಲಿ, ಇಸ್ರೇಲ್‌ನಲ್ಲಿ ನಡೆದ ಒಂದು ದಾಳಿಯ ಬಗ್ಗೆ. ಸಿನಿಮಾ ಅದನ್ನ ಹೇಳುವುದಿಲ್ಲ. ನೋಡುವವರಿಗೆ ಅಲ್ ಖೈದಾ ಬಗ್ಗೆಯೇ ಅನ್ನಿಸುತ್ತದೆ. ಆಡಿದ ಮಾತು ನಿಜ, ಹೊಡೆದ ಚೆಂಡು ನಿಜ, ಮಧ್ಯೆ ಒಂದು ಸಾಲು ಬಿಟ್ಟಿದ್ದಾರೆ ಅಷ್ಟೇ. ನಾನೂ ಹೀಗೆ ಮಾಡಿದ್ದೇನೆ ಕಣ್ರೀ. ಒಂದು ಎಲೆಕ್ಷನ್‌ನಲ್ಲಿ ಒಬ್ಬರ ಸಭೆಗೆ ಜನ ಸೇರಿರಲಿಲ್ಲ. ಎದುರಾಳಿಯ ಸಭೆಯಲ್ಲಿ ನಾನೇ ತೆಗೆದ ಚಪ್ಪಾಳೆಯ ಶಾಟ್ ಇತ್ತು. ಶಾಲಿನ ಬಣ್ಣ ಕಾಣದ ಹಾಗೆ ಕ್ಲೋಸಪ್ ಮಾಡಿ ಇವರ ಭಾಷಣಕ್ಕೆ ಅಂಟಿಸಿದೆ. ಇಬ್ಬರೂ ದುಡ್ಡು ಕೊಟ್ಟರು. ಚಪ್ಪಾಳೆ ಹೊಡೆದ ಆ ಅಜ್ಜ ಇವತ್ತಿಗೂ ಗಡಿಗಿ ಚೆನ್ನಪ್ಪ ಸರ್ಕಲ್‌ನಲ್ಲಿ ಸಿಗುತ್ತಾನೆ, ನನಗೇ ಮುಖ ಕೊಟ್ಟು ಮಾತಾಡೋಕೆ ಆಗಲ್ಲ.

ನಡುವಿನ ಅರ್ಧ ಗಂಟೆ ನನಗೆ ಬೇಜಾರು ತಂದಿತು. ಅಫ್ಘಾನಿಸ್ತಾನದ ಗ್ಯಾಸ್ ಪೈಪ್‌ಲೈನ್ ಕಥೆ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಅಂತ ಮೇಷ್ಟ್ರಿಗೂ ಹಿಡಿತ ಸಿಗಲಿಲ್ಲ. ಇರಾಕ್ ಯುದ್ಧಕ್ಕೆ ಅಮೆರಿಕದ ಜೊತೆ ನಿಂತ ದೇಶಗಳನ್ನ ಗೇಲಿ ಮಾಡುವಾಗ ಪಲಾವ್ ಅನ್ನುವ ದ್ವೀಪ ದೇಶ, ಐಸ್‌ಲ್ಯಾಂಡ್, ಕೋಸ್ಟರಿಕ ಎಲ್ಲ ಬರುತ್ತವೆ. ಸೈನ್ಯ ಕಳಿಸಿದ ಬ್ರಿಟನ್ ಹೆಸರೇ ಆ ಪಟ್ಟಿಯಲ್ಲಿಲ್ಲ. ಇದೊಂಥರಾ ಮದುವೆಗೆ ಯಾರು ಬಂದಿದ್ದರು ಅಂತ ತೋರಿಸುವಾಗ ಸೋದರಮಾವನನ್ನೇ ಕಟ್ ಮಾಡಿದ ಹಾಗೆ.

ಇನ್ನೊಂದು ವಿಷಯ ನಾನು ಆಮೇಲೆ ಓದಿ ತಿಳಿದುಕೊಂಡಿದ್ದು. ಫ್ಲೋರಿಡಾದಲ್ಲಿ ನಿಜವಾಗಿ ಗೆದ್ದವರು ಗೋರ್ ಅನ್ನುವ ಪತ್ರಿಕೆಯ ತಲೆಬರಹ ಒಂದು ಕ್ಷಣ ಮಿಂಚಿ ಹೋಗುತ್ತದೆ. ಇಲಿನಾಯ್‌ನ ಪ್ಯಾಂಟಗ್ರಾಫ್ ಅನ್ನುವ ಪತ್ರಿಕೆಯದು. ಆದರೆ ಅದು ಸುದ್ದಿಯ ತಲೆಬರಹ ಅಲ್ಲ, ಓದುಗರೊಬ್ಬರು ಬರೆದ ಪತ್ರದ ಮೇಲಿದ್ದ ಸಾಲು. ಸಿನಿಮಾದಲ್ಲಿ ಅದನ್ನ ದೊಡ್ಡದು ಮಾಡಿ ಬೇರೆ ತಾರೀಖಿನ ಸುದ್ದಿಯ ಹಾಗೆ ಕೂರಿಸಿದ್ದರು. ಪತ್ರಿಕೆಯವರು ಕ್ಷಮೆ ಕೇಳಿ ಅಂತ ಬರೆದು, ಜೊತೆಗೆ ನಷ್ಟ ಪರಿಹಾರ ಅಂತ ಒಂದೇ ಒಂದು ಡಾಲರ್ ಕೇಳಿದರು.

ಇದನ್ನ ಮಾವನಿಗೆ ಹೇಳಿದಾಗ ಅವರು ನಗಲಿಲ್ಲ. ಅವರದೊಂದು ಹಳೇ ಗಾಯ ಇದೆ. ಅದಿರಿನ ಕಾಲದಲ್ಲಿ ಒಂದು ಟಿವಿ ಚಾನೆಲ್‌ನವರು ಬಂದು ಬಳ್ಳಾರಿ ಲೂಟಿ ಅಂತ ಒಂದು ಗಂಟೆಯ ಕಾರ್ಯಕ್ರಮ ಮಾಡಿದ್ದರು. ಲೂಟಿ ಸುಳ್ಳಲ್ಲ. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿಯಲ್ಲಿ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ ಇದೆ. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕೆಂಪು ಧೂಳು ತಿಂದವರು ನಾವು, ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಾರ್ಯಕ್ರಮದಲ್ಲಿ "ಹೀಗೆ ಹಗಲು ದರೋಡೆ ನಡೀತಿದೆ" ಅನ್ನುವ ಮಾತಿಗೆ ತೋರಿಸಿದ ಲಾರಿ ಮಾವನದು. ನಂಬರ್ ಪ್ಲೇಟ್ ಸಮೇತ. ಅವತ್ತು ಅದರಲ್ಲಿ ಇದ್ದಿದ್ದು ಮೆಕ್ಕೆಜೋಳ! ಟಾರ್ಪಾಲ್ ಹೊದಿಸಿತ್ತು, ಅಷ್ಟೇ. ಅತ್ತೆಯ ತವರಿನವರು ಫೋನ್ ಮಾಡಿ "ಏನಪಾ, ನೀನೂ ಇಳಿದ್ಯಾ" ಅಂತ ಕೇಳಿದ್ದರಂತೆ. ಮಾವ ಅದಿರು ಹೊಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಹೊಡೆದಿದ್ದಾರೆ, ಪರ್ಮಿಟ್ ಇಟ್ಟುಕೊಂಡು. ಗಣಿ ನಿಂತ ಮೇಲೆ ಎರಡೂ ಲಾರಿ ಮಾರಿದರು. ಆದರೆ ಆ ದಿನ ಜೋಳ. ಅಷ್ಟು ದೊಡ್ಡ ಲೂಟಿ ಕಣ್ಣ ಮುಂದೆ ನಡೀತಾ ಇದ್ದಾಗ, ತೋರಿಸೋಕೆ ಸಾವಿರಾರು ಅದಿರು ಲಾರಿ ರೋಡಿನ ಮೇಲೆ ನಿಂತಿದ್ದಾಗ, ಜೋಳದ ಲಾರಿ ಯಾಕೆ ಬೇಕಿತ್ತು? ಕ್ಯಾಮೆರಾದವರು ಹೋಟೆಲಿನ ಹತ್ತಿರ ಟೀ ಕುಡೀತಾ ತೆಗೆದಿರಬೇಕು. ಬೆಟ್ಟದವರೆಗೆ ಹೋಗೋಕೆ ಬೇಜಾರು.

ಮೂರ್ ಮೇಲೆ ನನ್ನ ತಕರಾರು ಇದೇ. ಇರಾಕ್‌ನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಅಂತ ಹೇಳಿ ಯುದ್ಧಕ್ಕೆ ಹೋದರು, ಅವು ಸಿಗಲಿಲ್ಲ. ಇಷ್ಟು ದೊಡ್ಡ ನಿಜ ಕೈಯಲ್ಲಿದೆ. ಅದರ ಪಕ್ಕ ಓದುಗರ ಪತ್ರ ಕತ್ತರಿಸಿ ಸುದ್ದಿ ಮಾಡುವ ಅಗತ್ಯ ಏನಿತ್ತು? ಬಾಂಬ್ ಬೀಳುವ ಮೊದಲು ಬಾಗ್ದಾದ್‌ನಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾ ಇರುತ್ತಾರೆ. ಮಕ್ಕಳು ಹಾರಿಸಿರಬಹುದು, ಸರಿ. ಆದರೆ ಸದ್ದಾಂ ಏನು ಮಾಡಿದ್ದ ಅನ್ನುವುದರ ಬಗ್ಗೆ ಒಂದು ಉಸಿರೂ ಇಲ್ಲ. ಇಂಥ ಒಂದೊಂದು ಸಂದಿಯೂ ಎದುರಾಳಿಗೆ ಕೈ ಹಾಕೋಕೆ ಜಾಗ. ಅವರು ಹಾಕಿದರು ಕೂಡ.

ಈಗ ಸುಬೇದಾರ್ ಕಾಕಾ ವಿಷಯ. ಅವರು ಮೊದಲರ್ಧ ಕೈಕಟ್ಟಿಕೊಂಡು, ಮುಖ ಬಿಗಿದುಕೊಂಡು ಕೂತಿದ್ದರು. ಸೈನ್ಯದ ಮೇಲೆ ಏನೋ ಕೆಟ್ಟದ್ದು ಬರುತ್ತದೆ ಅಂತ ಅವರಿಗೆ ಅನುಮಾನ. ಮಿಶಿಗನ್‌ನ ಫ್ಲಿಂಟ್ ಅನ್ನುವ ಊರು ಬರುತ್ತದೆ, ಮೂರ್ ಅವರದೇ ಊರು. ಕಾರ್ಖಾನೆ ಮುಚ್ಚಿ ಕೆಲಸ ಇಲ್ಲದ ಊರು. ಇಬ್ಬರು ಮರೀನ್ ಸೈನಿಕರು ಸೈನ್ಯಕ್ಕೆ ಹುಡುಗರನ್ನ ಸೇರಿಸಿಕೊಳ್ಳೋಕೆ ಬಡವರು ಹೋಗುವ ಮಾಲ್‌ಗೆ ಹೋಗುತ್ತಾರೆ, ಸಾಹುಕಾರರ ಮಾಲ್‌ಗೆ ಹೋಗುವುದಿಲ್ಲ. ಪಾರ್ಕಿಂಗ್‌ನಲ್ಲಿ ಹುಡುಗರ ಬೆನ್ನು ಹತ್ತಿ, ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಕಾಕಾ ಮೊದಲ ಸಲ ನಕ್ಕರು. "ನಾವ್ ಊಟದ್ ಆಸೆಗೆ ಹೋದೋರಪ್ಪಾ, ನಮ್ನ ಯಾರೂ ಅಟ್ಟಿಸ್ಕೊಂಡು ಬರ್ಲಿಲ್ಲ" ಅಂದರು.

ಅದೇ ಊರಿನ ಲೈಲಾ ಲಿಪ್‌ಸ್ಕೂಂಬ್ ಅನ್ನುವ ತಾಯಿ. ದಿನಾ ಮನೆ ಮುಂದೆ ದೇಶದ ಬಾವುಟ ಹಾರಿಸುವವರು. ಯುದ್ಧ ಬೇಡ ಅನ್ನುವವರನ್ನ ಕಂಡರೆ ಸಿಟ್ಟು ಬರುತ್ತಿತ್ತು ಅಂತ ತಾವೇ ಹೇಳುತ್ತಾರೆ. ಮಗ ಇರಾಕ್‌ನಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತಿದ್ದಾನೆ. ಆಕೆ ಮನೆಯವರ ನಡುವೆ ಕೂತು ಮಗನ ಕೊನೆಯ ಪತ್ರ ಓದುತ್ತಾರೆ. ಇಲ್ಲಿ ಮೂರ್ ಮಾತಾಡುವುದಿಲ್ಲ. ಪೂರ್ತಿ ಓದೋಕೆ ಬಿಡುತ್ತಾರೆ. ಮೇಷ್ಟ್ರೂ ಅರ್ಥ ಹೇಳೋದನ್ನ ನಿಲ್ಲಿಸಿದರು, ಯಾರೂ ಕೇಳಲಿಲ್ಲ. ಆಮೇಲೆ ಆಕೆ ವಾಷಿಂಗ್ಟನ್‌ಗೆ, ಶ್ವೇತಭವನದ ಹತ್ತಿರ ಬರುತ್ತಾರೆ. ಅಲ್ಲಿ ಯಾರೋ ಒಬ್ಬ ಹೆಂಗಸು ಬಂದು ಇದೆಲ್ಲ ನಾಟಕ ಅನ್ನುತ್ತಾಳೆ. ಲೈಲಾ ತಮ್ಮ ಮಗ ಸತ್ತ ಊರಿನ ಹೆಸರು ಹೇಳುತ್ತಾರೆ, ಕರ್ಬಲಾ ಅಂತ, ತಾರೀಖು ಹೇಳುತ್ತಾರೆ. ಆಮೇಲೆ ನಡೆದು ಹೋಗುತ್ತಾ ಹೋಗುತ್ತಾ ನಡು ಬಗ್ಗಿಸಿ ನಿಂತುಬಿಡುತ್ತಾರೆ. ಕಾಕಾ ಕನ್ನಡಕ ತೆಗೆದು ಟವೆಲ್‌ನಲ್ಲಿ ಒರೆಸಿದರು. ಒರೆಸಿದ್ದು ಕನ್ನಡಕವನ್ನಲ್ಲ.

ಆಗಿನ ಕಾಲದಲ್ಲಿ ಇದಕ್ಕೆ ಬಂದ ಪ್ರತಿಕ್ರಿಯೆಯೇ ಇನ್ನೊಂದು ಸಿನಿಮಾ. ಮಿರಾಮ್ಯಾಕ್ಸ್ ಅನ್ನುವ ಸಿನಿಮಾ ಕಂಪನಿ ದುಡ್ಡು ಹಾಕಿತ್ತು, ಅದರ ಮಾಲೀಕ ಡಿಸ್ನಿ ಬಿಡುಗಡೆ ಮಾಡಲ್ಲ ಅಂದಿತು. 2004ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿ ಪಾಮ್ ಡಿಓರ್ ಬಂತು, 1956ರ ನಂತರ ಡಾಕ್ಯುಮೆಂಟರಿಗೆ ಸಿಕ್ಕಿದ್ದು ಅದೇ ಮೊದಲು. ಜನ 20 ನಿಮಿಷ ಎದ್ದು ನಿಂತು ಚಪ್ಪಾಳೆ ಹೊಡೆದರು ಅಂತ ಆಗಿನ ವರದಿಗಳು. 60 ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾ ಜಗತ್ತಿನಲ್ಲೆಲ್ಲ ಸೇರಿ 22 ಕೋಟಿ ಡಾಲರ್ ದಾಟಿತು. ಡಾಕ್ಯುಮೆಂಟರಿಗೆ! ನಮ್ಮಲ್ಲಿ ಡಾಕ್ಯುಮೆಂಟರಿ ಅಂದರೆ ಕೃಷಿ ಇಲಾಖೆಯವರು ತೋರಿಸೋದು ಅಂತ ತಿಳಿದ ಟೈಲರ್‌ಗಳು ಈ ಲೆಕ್ಕ ಕೇಳಿ ಬಾಯಿ ಬಿಟ್ಟರು. ರೋಜರ್ ಈಬರ್ಟ್ ಥರದ ವಿಮರ್ಶಕರು ಮೆಚ್ಚಿದರು. ಪತ್ರಕರ್ತ ಕ್ರಿಸ್ಟೋಫರ್ ಹಿಚನ್ಸ್ ಅಂಥವರು ಇದು ಪ್ರಾಮಾಣಿಕ ಕೆಲಸವೇ ಅಲ್ಲ ಅಂತ ಚೆನ್ನಾಗಿ ಜಾಡಿಸಿದರು, ಅವರು ಇರಾಕ್ ಯುದ್ಧದ ಪರ ಇದ್ದವರು ಅನ್ನೋದನ್ನೂ ನೆನಪಿಡಿ. ವರ್ಷದ ಕೆಟ್ಟ ಸಿನಿಮಾಗಳಿಗೆ ಕೊಡುವ ರ್‍ಯಾಜಿ ಪ್ರಶಸ್ತಿಯವರು ಕೆಟ್ಟ ನಟ ಅಂತ ಬುಷ್‌ಗೇ ಕೊಟ್ಟರು, ಇದೇ ಸಿನಿಮಾಕ್ಕೆ.

ನನಗೆ ತುಂಬಾ ವಿಚಿತ್ರ ಅನ್ನಿಸಿದ್ದು ಬೇರೆ. ಸಿಟಿಜನ್ಸ್ ಯುನೈಟೆಡ್ ಅಂತ ಒಂದು ಸಂಘಟನೆ, ಬುಷ್ ಕಡೆಯ ವಿಚಾರದವರು. ಈ ಸಿನಿಮಾದ ಜಾಹೀರಾತು ಚುನಾವಣಾ ನಿಯಮ ಮೀರುತ್ತದೆ ಅಂತ ಅಲ್ಲಿನ ಚುನಾವಣಾ ಆಯೋಗಕ್ಕೆ ದೂರು ಕೊಟ್ಟರು. ದೂರು ವಜಾ ಆಯಿತು. ಹಾಗಾದರೆ ನಾವೂ ಸಿನಿಮಾ ಮಾಡ್ತೀವಿ ಅಂತ ಹೊರಟರು. ಮುಂದೆ ಹಿಲರಿ ಕ್ಲಿಂಟನ್ ವಿರುದ್ಧ ಒಂದು ಮಾಡಿದರು, ಅದು ಕೋರ್ಟ್ ಮೆಟ್ಟಿಲು ಹತ್ತಿತು. 2010ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟು, ಕಂಪನಿಗಳು ಚುನಾವಣೆ ಸಮಯದಲ್ಲಿ ತಮ್ಮ ಪಾಡಿಗೆ ತಾವು ಎಷ್ಟು ಬೇಕಾದರೂ ಪ್ರಚಾರಕ್ಕೆ ಖರ್ಚು ಮಾಡಬಹುದು ಅನ್ನುವಂತಾಯಿತು. ದುಡ್ಡಿದ್ದವರ ವಿರುದ್ಧ ಮಾಡಿದ ಸಿನಿಮಾದ ಹಿಂದೆಯೇ ಹೊರಟವರು ದುಡ್ಡಿದ್ದವರಿಗೆ ಬಾಗಿಲು ತೆರೆದುಕೊಟ್ಟರು.

ಸಿನಿಮಾ ಮುಗಿದ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. ಡಿಗ್ರಿ ಹುಡುಗರು ಉರಿದುಕೊಂಡು ಮಾತಾಡುತ್ತಿದ್ದರು. ಟೈಲರ್ ಒಬ್ಬರು ನಿಧಾನಕ್ಕೆ ಕೇಳಿದರು, "ಆಮೇಲೆ ಆ ಬುಷ್ ಏನಾದ?" ಸಿನಿಮಾ ಬಂದ ವರ್ಷವೇ, ನವೆಂಬರ್‌ನಲ್ಲಿ ಮತ್ತೆ ಗೆದ್ದರು ಅಂತ ಮೇಷ್ಟ್ರು ಹೇಳಿದರು. ಆಸ್ಕರ್‌ನ ಡಾಕ್ಯುಮೆಂಟರಿ ವಿಭಾಗಕ್ಕೆ ಕಳಿಸದೆ, ಚುನಾವಣೆಗೆ ಮುಂಚೆ ಟಿವಿಯಲ್ಲಿ ತೋರಿಸಬೇಕು ಅಂತ ಮೂರ್ ಹಟ ಹಿಡಿದಿದ್ದನ್ನೂ ಹೇಳಿದರು. "ಇಷ್ಟೆಲ್ಲ ತೋರ್ಸಿದ್ರೂನಾ?" ಅಂತ ಹುಡುಗರು. ನನಗೇನೂ ಆಶ್ಚರ್ಯ ಆಗಲಿಲ್ಲ. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಲ್ಲಿ ನಿಂತಾಗ ದೇಶದ ಕ್ಯಾಮೆರಾ ಎಲ್ಲ ಬಳ್ಳಾರಿಯಲ್ಲೇ ಇದ್ದವು. ಸುಷ್ಮಾ ಅವರ ಕನ್ನಡ ಕೇಳಿ ನಾವೂ ಚಪ್ಪಾಳೆ ಹೊಡೆದಿದ್ದೇ. ಗೆದ್ದಿದ್ದು ಸೋನಿಯಾ, ಸುಮಾರು 56 ಸಾವಿರ ಓಟಿನಲ್ಲಿ. ಚಪ್ಪಾಳೆ ಬೇರೆ, ಓಟು ಬೇರೆ.

ನಮ್ಮಲ್ಲಿ ಇಂಥದ್ದು ಮಾಡೋಕಾಗುತ್ತಾ ಅನ್ನೋ ಮಾತೂ ಬಂತು. ಆನಂದ್ ಪಟವರ್ಧನ್ ಅವರ ಅಣುಬಾಂಬ್ ವಿರುದ್ಧದ ಡಾಕ್ಯುಮೆಂಟರಿಗೆ ಸೆನ್ಸಾರ್‌ನವರು 21 ಕಟ್ ಹೇಳಿದ್ದರು. ಅವರು ಕೋರ್ಟಿಗೆ ಹೋಗಿ, 2003ರಲ್ಲಿ ಬಾಂಬೆ ಹೈಕೋರ್ಟಿನಿಂದ ಒಂದೂ ಕಟ್ ಇಲ್ಲದೆ ಬಿಡಿಸಿಕೊಂಡು ಬಂದರು. ಮೇಷ್ಟ್ರು ಮುಂದಿನ ತಿಂಗಳು ಅದನ್ನೇ ಹಾಕೋಣ ಅಂದರು. ಗೆಳೆಯ ಮೆಲ್ಲಗೆ "ಬಟ್ಟೆ ವಾಪಸ್ ಬೇಕು ಮೇಷ್ಟ್ರೇ, ಆರ್ಡರ್ ಇದೆ" ಅಂದ.

ನೋಡಬೇಕಾ ಅಂದರೆ ನೋಡಿ. ಸಬ್‌ಟೈಟಲ್ ಹಾಕಿಕೊಂಡು, ಒಬ್ಬರೇ ಅಲ್ಲ, ನಿಮ್ಮ ವಿಚಾರಕ್ಕೆ ಒಪ್ಪದವರು ಒಬ್ಬರಾದರೂ ಪಕ್ಕದಲ್ಲಿರಲಿ. ಸ್ಟಾರ್ ಕೊಡು ಅಂದರೆ ಐದಕ್ಕೆ ಮೂರೂವರೆ. ಪತ್ರ ಓದುವ ತಾಯಿಗೆ, ಕಪ್ಪು ಪರದೆಗೆ, ಅಲ್ ಗೋರ್ ಪೀಠಕ್ಕೆ ಒಂದೊಂದು. ಉಳಿದ ಅರ್ಧ ಎಂಜಲು ಬಾಚಣಿಗೆಗೆ.

ವಾಪಸ್ ಬರುವಾಗ ಮಾವ ನನ್ನ ಬೈಕ್ ಹಿಂದೆ ಕೂತಿದ್ದರು. ರೈಲ್ವೆ ಗೇಟ್ ಹಾಕಿತ್ತು, ಗೂಡ್ಸ್ ಗಾಡಿ ಹೋಗ್ತಾನೇ ಇತ್ತು, ಅದಿರು ತುಂಬಿಕೊಂಡು. ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದರು, "ಅಳಿಯಾ, ಒಂದ್ ಡಾಲರ್ ಅಂದ್ರೆ ಈಗ ಎಷ್ಟಾಗ್ತೈತೆ?" ಯಾಕೆ ಮಾವ ಅಂದೆ. "ಏನಿಲ್ಲ, ಜೋಳದ್ ಬಿಲ್ಲು ಇನ್ನೂ ಇಟ್ಕೊಂಡೀನಿ."